ಕಿತ್ತುಹೋದ ಜೊಂಡು

“ಒಣಗಿ ಹೋಗಿತ್ತಲ್ಲ ಅಂತ ನಾನೇ ಕಿತ್ತು ಹಾಕಿಸಿದೆ,” ಎಂದ ಡ್ರಾಯಿಂಗ್ ಮೇಷ್ಟ್ರು.

ಗಿಡಗಳ ನರ್ಸರಿಯವಳು ಬೈಯಲಿಲ್ಲ. ಅವನ ಮನೆ ಹಿತ್ತಲಲ್ಲಿ ಸದಾ ನೀರು ನಿಲ್ಲುವ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಖಾಲಿ ಗುಂಡಿಗಳನ್ನು ಸವರಿದಳು. ಅವನಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಬೇಸಿಗೆಯಲ್ಲಿ ಜೊಂಡು ಸತ್ತ ಹಾಗೇ ಕಾಣುತ್ತೆ ಮೇಷ್ಟ್ರೇ. ಬೇರಲ್ಲಿ ಜೀವ ಇರುತ್ತೆ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

ಆರು ತಿಂಗಳಿಂದ ಅವಳು ಭಾನುವಾರ ತಪ್ಪದೆ ಬರುತ್ತಿದ್ದಳು. ಬುಡ ಸೀಳಿ ನೆಡುವುದನ್ನು ಅವನಿಗೆ ಕಲಿಸಿದ್ದಳು. ಕೆಸರಿನೊಳಗೆ ಬೆರಳು ಬೆರಳಿಗೆ ತಾಕಿದರೆ ಇಬ್ಬರೂ ಕಾಂಪೌಂಡ್ ಗೋಡೆ ನೋಡುತ್ತಿದ್ದರು. “ಒಂದು ಬುಡ ನೆಡೋಕೆ ಅರ್ಧ ದಿನ ಬೇಕೇನೋ?” ಎಂದು ಅಕ್ಕ ಅಡುಗೆಮನೆಯಿಂದ ತಮ್ಮನನ್ನು ರೇಗಿಸುತ್ತಿದ್ದಳು.

“ಬೇರೆ ತಂದರಾಯ್ತಲ್ಲ?” ಎಂದ ಮೇಷ್ಟ್ರು, ಅಂದ ಕೂಡಲೇ ನಾಲಗೆ ಕಚ್ಚಿಕೊಂಡ.

“ಎಲ್ಲಿಂದ? ಚಾಪೆ ಹೆಣೆಯೋಕೆ ಅಪ್ಪ ಕೆರೆಯಲ್ಲಿ ಕೊಯ್ತಿದ್ದ ಜೊಂಡು ಅದು. ಆ ಕೆರೆ ಅಂಚಿಗೆ ಹೋದ ತಿಂಗಳು ಮಣ್ಣು ಸುರಿದು ಮುಚ್ಚಿಬಿಟ್ಟರು. ಉಳಿದಿದ್ದು ಇಲ್ಲಿದ್ದ ಮೂರು ಬುಡ. ನಿಮ್ಮನ್ನ ನಂಬಿ ಇಟ್ಟಿದ್ದೆ.”

ಅವಳು ಸೈಕಲ್ ಹತ್ತಿ ಹೋದಳು. ಚೀಲ ಮರೆತಿದ್ದಳು, ಅದಕ್ಕೂ ತಿರುಗಿ ಬರಲಿಲ್ಲ.

ಮೇಷ್ಟ್ರು ನೇರ, ಕಿತ್ತದ್ದನ್ನು ಸುರಿಸಿದ್ದ ಊರಾಚೆಯ ಕಸದ ರಾಶಿಗೆ ಓಡಿದ. ಕೊಳೆತ ಎಲೆ, ಮುರಿದ ಕೊಂಬೆ, ಒಡೆದ ಗಾಜು ಎಲ್ಲವನ್ನೂ ಬರಿಗೈಯಲ್ಲಿ ಬಗೆದ. ಸಂಜೆ ಹೊತ್ತಿಗೆ ಸಿಕ್ಕಿದ್ದು ಒಂದೇ ಬುಡ.

ನರ್ಸರಿಯಲ್ಲಿ ಅವಳು ಅದನ್ನು ಇಸಿದುಕೊಂಡಳು. ಕಪ್ಪಾದ ಬೇರನ್ನೆಲ್ಲ ಚಾಕುವಿನಿಂದ ಕತ್ತರಿಸುತ್ತ ಹೋದಳು. ಕೊನೆಗೆ ಹೆಬ್ಬೆರಳಷ್ಟು ಬೆಳ್ಳಗಿನದು ಉಳಿಯಿತು.

“ಬದುಕುತ್ತಾ?”

“ಹೇಳೋಕಾಗಲ್ಲ.” ಅವಳ ಕಣ್ಣು ತುಂಬಿತ್ತು. “ಒಂದು ಗಿಡಕ್ಕೋಸ್ಕರ ಇಷ್ಟು ಯಾಕೆ ಒದ್ದಾಡಿದ್ರಿ?”

“ಗಿಡಕ್ಕೋಸ್ಕರ ಅಲ್ಲ. ನೀವು ಇನ್ನು ಬರಲ್ಲ ಅನ್ನೋ ಭಯಕ್ಕೆ. ನೀವಿಲ್ಲದ ಭಾನುವಾರ ನನಗೆ ಬೇಡ.”

ಅವಳು ಚಾಕು ಕೆಳಗಿಟ್ಟಳು. “ನನಗಿನ್ನೂ ಸಿಟ್ಟು ಇಳಿದಿಲ್ಲ.”

“ಇಳಿಯೋವರೆಗೂ ಕಾಯ್ತೀನಿ.”

“ಇಳಿದ ಮೇಲೆ?”

“ಆಮೇಲೂ.”

ಆಗ ಅವಳಿಗೆ ಅವನ ಅಂಗೈ ಕಾಣಿಸಿತು. ಗಾಜು ಉದ್ದಕ್ಕೂ ಕೊಯ್ದಿತ್ತು. “ಅಯ್ಯೋ, ಇದನ್ನ ಹೇಳೋದಲ್ವಾ?” ಎಂದು ಗದರುತ್ತಲೇ ಅವನನ್ನು ನಲ್ಲಿಯ ಬಳಿಗೆ ಎಳೆದೊಯ್ದಳು.

ರಕ್ತ ನಿಂತಿತು. ನಲ್ಲಿ ನಿಲ್ಲಿಸುವುದು ಮಾತ್ರ ಅವಳಿಗೆ ಬಹಳ ಹೊತ್ತು ನೆನಪಾಗಲಿಲ್ಲ. ಹಿಡಿದ ಕೈ ಹಿಡಿದಂತೆಯೇ ಇತ್ತು.