ಎಡಗೈ ಪಿಚರನ ಕಣ್ಣು

ಬಾಲ್ ಎಸೆಯುವ ಮೊದಲು ಕಾಶಿನಾಥ ಮತ್ತೆ ಆ ಹಳದಿ ದುಪಟ್ಟಾದವಳ ಕಡೆಗೇ ನೋಡಿದ. ಇದು ಹನ್ನೊಂದನೆಯ ಸಲ, ಶಿವದೇವಿ ಎಣಿಸುತ್ತಲೇ ಇದ್ದಳು. ತನ್ನ ಕಡೆಗೆ? ಬರೀ ಬೆನ್ನು!

ಸನತ್‌ನಗರದ ಔಷಧಿ ಕಾರ್ಖಾನೆಗೆ ರಜೆ ಹಾಕಿ ಬಿಸಿಲಲ್ಲಿ ಕೂತದ್ದು ಈ ಬೆನ್ನು ನೋಡಲಿಕ್ಕೇ? ಕಾಶಿನಾಥ ಹೈದರಾಬಾದಿನ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಪಿಚರ್, ಎಡಗೈಯವನು. ಮುಂದಿನ ವಾರದಿಂದ ಎರಡು ವರ್ಷ ದುಬೈ ತಂಡಕ್ಕೆ ಆಡಲು ಹೊರಟಿದ್ದ. ತಿರುಗಿ ಬರುವತನಕ ಮದುವೆಗೆ ಕಾಯುತ್ತೀಯಾ ಎಂದು ಅವಳನ್ನು ಕೇಳಿದ್ದ. ಮನೆಯಲ್ಲಿ ಅಣ್ಣ ಬಂಡೆಪ್ಪನದು ಒಂದೇ ಹಟ: ಬೀದರಿನಿಂದ ಇನ್ನೊಂದು ಸಂಬಂಧ ಬಂದಿದೆ, ಸಂಜೆಯೊಳಗೆ ಏನಾದರೂ ಒಂದು ಹೇಳು.

ಇಂಥವನಿಗಾಗಿ ಕಾಯಬೇಕಂತೆ! ಅವಳ ಹೊಟ್ಟೆ ಉರಿಯಿತು.

ವಿರಾಮದಲ್ಲಿ ಅವನು ಬೇಲಿಯ ಹತ್ತಿರ ಬಂದ.

"ಆಕಿ ಯಾರ್ರಿ?"

"ಯಾರು?"

"ಏನೂ ತಿಳಿಯದವರಂಗ ಮಾಡಬ್ಯಾಡ್ರಿ. ಆ ಹಳದಿ ದುಪಟ್ಟಾ!"

ಅವನು ತಿರುಗಿ ಹುಡುಕಿದ. ಅದೂ ನಾಟಕವೆಂದೇ ಅವಳಿಗೆ ಅನಿಸಿತು.

"ದೇವಿ, ನಾ ಎಡಗೈಯಾವ. ಎಸಿಯಾಕ ನಿಂತ್ರ ನನ್ನ ಮಾರಿ ಫಸ್ಟ್ ಬೇಸ್ ಕಡೆಗೇ ಬರ್ತೈತಿ, ಆಕಿ ಕುಂತದ್ದು ಅದರ ಹಿಂದ. ಬಲಗೈಯಾವ ಆಗಿದ್ರ ನಿನ್ನ ಕಡೆ ಬರ್ತಿತ್ತು. ಆ ಬೇಸಿನ್ಯಾಗ ನಿಂತ ಎದುರು ತಂಡದ ರನ್ನರ್ ಮ್ಯಾಲೆ ಕಣ್ಣಿಡಬೇಕು. ಒಂದು ಚೂರು ಕಣ್ಣು ತಪ್ಪಿದ್ರ ಸಾಕು, ಮುಂದಿನ ಬೇಸಿಗೆ ಓಡಿಬಿಡ್ತಾನ."

"ಭಾಳ ಚಂದ ಕತಿ ಕಟ್ಟತೀರಿ!"

"ಹಂಗಾರ ಆ ಕಡೆ ಹೋಗಿ ಕುಂತು ನೋಡು."

ಹೋಗಿಯೇ ಬಿಟ್ಟಳು. ಹಳದಿ ದುಪಟ್ಟಾದವಳು ಪಕ್ಕದ ಗಂಡನಿಗೆ ಮಿರ್ಚಿ ಬಜ್ಜಿ ತಿನ್ನಿಸುತ್ತಿದ್ದಳು. ಅಷ್ಟಕ್ಕೇ ಅನುಮಾನ ಹೋಗುತ್ತದೆಯೇ? ಶಿವದೇವಿ ಕಣ್ಣು ಕಿರಿದು ಮಾಡಿ ಕಾದಳು.

ಆಟ ಶುರುವಾಯಿತು. ಕಾಶಿನಾಥ ಇತ್ತ ನೋಡಿದ. ನೇರ ಅವಳತ್ತಲೇ. ಅವಳು ಕೈ ಬೀಸಿದಳು. ಊಹೂಂ, ಅವನಿಗೆ ಕಾಣಲೇ ಇಲ್ಲ! ಕಣ್ಣೆಲ್ಲ ರನ್ನರನ ಕಾಲಿನ ಮೇಲೆ. ಅಯ್ಯೋ, ಈ ಮನುಷ್ಯನಿಗೆ ಇಲ್ಲಿ ಯಾವ ಹುಡುಗಿಯೂ ಕಾಣುವುದಿಲ್ಲ! ಎಷ್ಟು ಸಮಾಧಾನವಾಯಿತೆಂದರೆ ಅವಳು ಜೋರಾಗಿಯೇ ನಕ್ಕುಬಿಟ್ಟಳು.

ಆ ನಗುವಿಗೆ ಅವನು ತಲೆಯೆತ್ತಿದ. ಅವಳನ್ನು ನೋಡಿದ. ನೋಡುತ್ತಲೇ ನಿಂತ.

ರನ್ನರ್ ಓಡಿಯೇ ಬಿಟ್ಟ.

"ಕ್ಯಾ ಹುವಾ ರೇ ಕಾಶಿ?" ಕೋಚ್ ನರಸಿಂಹ ತಲೆ ಹಿಡಿದುಕೊಂಡು ಕೂಗಿದರು. "ಪೂರಾ ಸೀಸನ್ ಮೇ ಪಹಲೀ ಬಾರ್!"

ಇಡೀ ಸೀಸನ್ನಿನಲ್ಲಿ ಅವನ ಕಣ್ಣು ತಪ್ಪಿದ್ದು ಇದೇ ಮೊದಲು! ಕಾಶಿನಾಥನ ಕಿವಿ ಕೆಂಪಾಯಿತು. ಶಿವದೇವಿ ಫೋನ್ ತೆಗೆದಳು.

"ಅಣ್ಣಾ, ಬೀದರಿನವ್ರಿಗೆ ಬ್ಯಾಡ ಅಂತ ಹೇಳಿಬಿಡು. ನಾ ಎರಡು ವರ್ಷ ಕಾಯ್ತೀನಿ."