ಮರೆಮಾಡಿದ ಕಾಲಂಗಳು

ಜುಲೈ ಹನ್ನೊಂದರ ಬೆಳಿಗ್ಗೆ ಹತ್ತೂಕಾಲಿಗೆ ಮೋಕ್ಷಿತಾ ಮಡಿಕೇರಿಯ ಠಾಣೆಗೆ ಬಂದಳು. ಬಲಗೈಗೆ ಬ್ಯಾಂಡೇಜು ಸುತ್ತಿತ್ತು. ಖಾಸಗಿ ಆಸ್ಪತ್ರೆಯೊಂದರ ನರ್ಸ್. ವಿಚ್ಛೇದನವಾದ ಮೇಲೆ ಯಾರಿಗೂ ವಿಳಾಸ ಕೊಡದೆ ಪೇಟೆಯ ಮೇಲುಭಾಗದಲ್ಲಿ ಬಾಡಿಗೆ ಮನೆ ಮಾಡಿದ್ದಳು. ಹಿಂದಿನ ಸಂಜೆ ಮಾಜಿ ಗಂಡ ಮಿಲನ್ ಆ ಮನೆಯ ಬಾಗಿಲನ್ನೇ ಒದ್ದು ಒಳನುಗ್ಗಿ ಅವಳ ಕೈ ತಿರುಚಿದ್ದ.

"ವಿಳಾಸ ಯಾರಿಗೆ ಕೊಟ್ಟಿದ್ರಿ?" ಇನ್ಸ್‌ಪೆಕ್ಟರ್ ಶ್ವೇತ ಕೇಳಿದಳು.

"ಒಂದೇ ಕಡೆ ಮೇಡಂ. ನಮ್ಮ ಗೌಡರ ಮದುವೆ ವೆಬ್‌ಸೈಟ್‌ಗೆ. ಅಮ್ಮನ ಕಾಟ ತಡೀಲಾರದೆ ಸೇರಿದ್ದು. ಫೋನು, ವಿಳಾಸ ಯಾರಿಗೂ ಕಾಣುದಿಲ್ಲ ಅಂತ ಹೇಳಿದ್ರು."

"ಈಗ ಎಂತ ಆಗ್ಬೇಕು ನಿಮಗೆ?"

"ನಂಗೆ ಇದೇ ಊರಲ್ಲಿ ಇರ್ಬೇಕು. ಇನ್ನೂ ಎಷ್ಟು ಅಂತ ಓಡುದು?"

ಶ್ವೇತ ದೂರು ಬರೆದುಕೊಂಡಳು. ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಹೆಡ್‌ಕಾನ್‌ಸ್ಟೆಬಲ್ ಪುಟ್ಟರಾಜು ನೆಲ್ಯಹುದಿಕೇರಿಯಲ್ಲಿ ಮಿಲನ್‌ನನ್ನು ಹಿಡಿದು ತಂದ. ಹಾಗಂತ ಕೇಸು ಮುಗಿಯಲಿಲ್ಲ. ಮಿಲನ್‌ನ ಫೋನಿನಲ್ಲಿ ಒಂದು ಎಕ್ಸೆಲ್ ಫೈಲ್ ಸಿಕ್ಕಿತು. ಅದರಲ್ಲಿ ಮೋಕ್ಷಿತಾ ಸೇರಿ ನೂರಾರು ಹೆಣ್ಣುಮಕ್ಕಳ ಹೆಸರು, ಮನೆಹೆಸರು, ಓದು, ಫೋನು, ವಿಳಾಸ.

"ಯಾರು ಕಳಿಸಿದ್ದು?" ಶ್ವೇತ ಅವನನ್ನು ಕೇಳಿದಳು.

"ಗ್ರೂಪಲ್ಲಿ ಬಂತು."

"ಗ್ರೂಪಿಗೆ ಯಾರು ಹಾಕಿದ್ದು?"

"ಅವನಿಗೂ ಇನ್ನೊಂದು ಗ್ರೂಪಲ್ಲಿ ಬಂದದ್ದಂತೆ."

ಊರೂರು ಸುತ್ತಿ ಬಂದ ಫೈಲಿನ ಬೇರು ಹುಡುಕುವುದು ಸುಲಭವಿರಲಿಲ್ಲ. ಶ್ವೇತ ವೆಬ್‌ಸೈಟ್ ನಡೆಸುವ ಪ್ರವೀಣನ ಕಂಪ್ಯೂಟರ್ ಅಂಗಡಿಗೆ ಹೋದಳು. ಅವನು ಸ್ಕ್ರೀನಿನ ಮೇಲೆ ಪಟ್ಟಿ ತೆರೆದು ತೋರಿಸಿದ.

"ನೋಡಿ ಮೇಡಂ, ಫೋನೇ ಇಲ್ಲ. ನಮ್ಮಿಂದ ಹೋಗಿರ್ಲಿಕ್ಕೆ ಸಾಧ್ಯವೇ ಇಲ್ಲ."

"ಮೇಲೆ ಎಕ್ಸೆಲ್‌ಗೆ ಇಳಿಸುವ ಬಟನ್ ಉಂಟಲ್ಲ, ಒತ್ತಿ."

ಒತ್ತಿದ. ಫೈಲ್ ತೆರೆದುಕೊಂಡಿತು. ಸ್ಕ್ರೀನಿನಲ್ಲಿ ಕಂಡಷ್ಟೇ ಕಾಲಂಗಳು ಅದರಲ್ಲೂ ಇದ್ದವು. ಶ್ವೇತ ಮೌಸ್ ತೆಗೆದುಕೊಂಡು ಬಲಕ್ಕೆ ಸರಿಸುತ್ತಾ ಹೋದಳು. ಖಾಲಿ ಜಾಗ ದಾಟಿದ ಮೇಲೆ ಫೋನ್ ನಂಬರುಗಳು, ಅದರಾಚೆ ವಿಳಾಸಗಳು ಸಾಲಾಗಿ ಬಂದವು. ಪುಟದಲ್ಲಿ ಕಣ್ಣಿಗೆ ಮಾತ್ರ ಮರೆಮಾಡಿದ್ದ ಕಾಲಂಗಳನ್ನು ಬಟನ್ ನಿಯತ್ತಾಗಿ ಹೊತ್ತು ತಂದಿತ್ತು. ಪ್ರವೀಣನ ಮುಖ ಇಂಗು ತಿಂದ ಮಂಗನಂತಾಯಿತು. ಅವನ ಮೇಲೂ ಕೇಸು ಆಗಬೇಕೆಂದು ಶ್ವೇತಳಿಗೆ ಅನಿಸಿತು; ಕೊನೆಗೆ ಆಯಿತು ಕೂಡ.

ಈ ಬಟನ್ ವೆಬ್‌ಸೈಟಿನಲ್ಲಿ ಸಂಬಂಧ ಕುದುರಿಸುವ ಸಮಾಜದ ಐದು ಮಂದಿ ಕಾರ್ಯಕರ್ತರಿಗೆ ಮಾತ್ರ ಕಾಣುತ್ತಿತ್ತು. ಯಾರು ಯಾವಾಗ ಒತ್ತಿದರೆಂಬ ದಾಖಲೆ ಪ್ರವೀಣ ಇಟ್ಟಿರಲಿಲ್ಲ. ಠಾಣೆಗೆ ಮರಳಿ ಶ್ವೇತ ಎರಡು ಫೈಲುಗಳನ್ನೂ ಅಕ್ಕಪಕ್ಕ ತೆರೆದು ಕೂತಳು. ಪ್ರವೀಣನ ಫೈಲಿಗಿಂತ ಮಿಲನ್‌ನ ಫೈಲ್ ಚಿಕ್ಕದಿತ್ತು. ಅದರಲ್ಲಿ ಗಂಡುಗಳಿಲ್ಲ, ಅದು ಸರಿ. ಹೆಣ್ಣುಗಳಲ್ಲೂ ಒಂದು ಬಳಿಯವರು ಒಬ್ಬರೂ ಇರಲಿಲ್ಲ.

"ಬಳಿ ಅಂದ್ರೇನು ಮೇಡಂ?" ಕುಶಾಲನಗರ ಕಡೆಯ ಪುಟ್ಟರಾಜು ಕೇಳಿದ.

"ನಿಮ್ಮಲ್ಲಿ ಗೋತ್ರ ಇದ್ದ ಹಾಗೆ. ಒಂದೇ ಬಳಿಯವರು ಅಣ್ಣತಂಗಿ ಲೆಕ್ಕ. ಮದುವೆ ಆಗುವಂಗಿಲ್ಲ."

"ಹಂಗಾದ್ರೆ ಇದ್ಯಾಕೆ ಅಳ್ಸವ್ರೆ?"

"ಅಳಿಸಿದವರ ಮನೆ ಗಂಡೂ ಅದೇ ಬಳಿ. ಅವನಿಗೆ ಈ ಹೆಣ್ಣುಗಳು ಬರುದಿಲ್ಲ ಅಂತ."

ಶ್ವೇತಳೂ ಅರೆಭಾಷೆ ಗೌಡರ ಮನೆಯವಳೇ. ಮನೆಹೆಸರು ಕೇಳಿದರೆ ಬಳಿ ನಾಲಿಗೆಯ ಮೇಲೇ ಇರುತ್ತಿತ್ತು. ಆ ಐವರು ಕಾರ್ಯಕರ್ತರ ಮನೆಹೆಸರು ಓದಿಕೊಂಡಳು. ಆ ಬಳಿಯ ಮನೆ ಒಂದೇ ಇತ್ತು, ಮೂರ್ನಾಡಿನ ವಿಶಾಲಾಕ್ಷಮ್ಮನವರದು. ಅವರನ್ನು ಅವಳು ಬಲ್ಲಳು. ಊರಿನ ಯಾವ ಮದುವೆಯಲ್ಲೂ ಸೆರಗು ಸಿಕ್ಕಿಸಿ ಓಡಾಡುವ ಹೆಂಗಸು. ಶ್ವೇತಳ ಮನಸ್ಸು ಭಾರವಾಯಿತು.

ಮರುದಿನ ಪಂಚರ ಸಮ್ಮುಖದಲ್ಲಿ ಆ ಮನೆಯ ಲ್ಯಾಪ್‌ಟಾಪ್ ತೆರೆಸಿದರು. ವಿಶಾಲಾಕ್ಷಮ್ಮ ಏನೂ ಮುಚ್ಚಿಡದೆ ಅರೆಭಾಷೆಯಲ್ಲೇ ಹೇಳಿದರು.

"ವೆಬ್‌ಸೈಟ್‌ಲಿ ಬಳಿ ನೋಡಿ ಬೇರೆ ಮಾಡಿಕೆ ಆದ್ಲೆ ಮೇಡಂ. ಎಕ್ಸೆಲ್‌ಗೆ ಹಾಕಿರೆ ಸುಲಭ. ನಮ್ಮ ಬಳಿದ್ ಅಳಿಸಿ, ಮಗಂಗೆ ಒಂದ್ ಗೂಡೆ ನೋಡಿ ಕೊಡಿ ಹೇಳಿ ನಾದಿನಿಗೆ ಕಳ್ಸಿದೆ."

"ಬಲಗಡೆ ಫೋನ್ ನಂಬರ್ ಇತ್ತಲ್ಲ?"

"ಅಷ್ಟ್ ದೂರ ನಾ ಹೋತ್ಲೆ." ಅವರು ಅಷ್ಟು ಬಲಕ್ಕೆ ನೋಡಿರಲೇ ಇಲ್ಲ.

ಅವರ ಫೈಲಿನಲ್ಲಿ ಒಂದು ಸಾಲಿಗೆ ಹಳದಿ ಬಣ್ಣ ಹಚ್ಚಿತ್ತು. ಮೋಕ್ಷಿತಾಳ ಸಾಲು. ಶ್ವೇತ ಅದನ್ನು ತೋರಿಸಿದಳು. "ಇದು ಯಾಕೆ?"

ವಿಶಾಲಾಕ್ಷಮ್ಮ ಬಾಗಿಲ ಕಡೆ ನೋಡಿದರು. ಮಗ ಮಹೇಶ್ ತೋಟದಿಂದ ಇನ್ನೂ ಬಂದಿರಲಿಲ್ಲ. ದನಿ ತಗ್ಗಿಸಿದರು. "ಮಹೇಶಂಗೆ ಉಗ್ಗು ಉಟ್ಟು. ಹೆಣ್ಣು ನೋಡಿಕೆ ಹೋದ ಮನೇಲಿ ಅವ ಹೆಸ್ರು ಹೇಳುವಷ್ಟರಲ್ಲಿ ಎಲ್ಲರೂ ನೆಗಾಡ್ದೊ. ಆಮೇಲೆ ಎಲ್ಲಿಗೂ ಬಾತ್ಲೆ ಅವ. ಇದ್ ಕಷ್ಟ ಕಂಡ ಗೂಡೆ, ನೆಗಾಡಿಕಿಲ್ಲೆ ಹೇಳಿ ನಂಗೆ ಕಂಡತ್."

ಆ ಹುಡುಗಿಗೆ ಏನಾಯಿತೆಂದು ಶ್ವೇತ ಹೇಳಿದಳು. ಮಧ್ಯಾಹ್ನ ಹನ್ನೆರಡೂವರೆಗೆ ವಿಶಾಲಾಕ್ಷಮ್ಮನವರ ಬಂಧನವಾಯಿತು. ಜಾಮೀನು ಸಿಗುವ ಕಲಂ ಆದ್ದರಿಂದ ಸಂಜೆಯೊಳಗೆ ಬಿಡುವುದೆಂದು ಶ್ವೇತ ಮಹೇಶನಿಗೆ ಫೋನಿನಲ್ಲಿ ತಿಳಿಸಿದಳು. ಆ ಕಡೆಯಿಂದ ಬಹಳ ಹೊತ್ತು ಶಬ್ದ ಬರಲಿಲ್ಲ. ಅವನು ಮಾತು ಹುಡುಕುತ್ತಿದ್ದನೆಂದು ತಿಳಿದು ಅವಳು ಕಾದಳು. "ಬ... ಬರ್ತೇನೆ," ಎಂದ.

ಮೂರು ಗಂಟೆಗೆ ಮೋಕ್ಷಿತಾ ಹೇಳಿಕೆಗೆ ಸಹಿ ಹಾಕಲು ಬಂದಳು. ಬೆಂಚಿನ ಮೇಲೆ ಬೆವರುತ್ತಾ ಕೂತಿದ್ದ ಮುದುಕಿಯನ್ನು ಕಂಡು, ದೂರು ಕೊಡಲು ಬಂದವರೇನೋ ಅಂದುಕೊಂಡು, ಪಕ್ಕದಲ್ಲಿ ಕೂತಳು. ನೋವಿಲ್ಲದ ಎಡಗೈಯಿಂದ ನಾಡಿ ಹಿಡಿದಳು.

"ಬಿಪಿ ಉಂಟಾ ಅಮ್ಮ? ಮಾತ್ರೆ ತಗೊಂಡ್ರಾ?"

ವಿಶಾಲಾಕ್ಷಮ್ಮ ಆ ಬ್ಯಾಂಡೇಜನ್ನೇ ನೋಡುತ್ತಿದ್ದರು. "ಆ ಫೈಲ್ ಕಳ್ಸಿದ್ ನಾನೇ ಮಗ. ನಂಗೆ ಗೊತ್ತಿತ್ಲೆ."

ಮೋಕ್ಷಿತಾ ತಟ್ಟನೆ ಕೈ ಬಿಡಲಿಲ್ಲ. ನಾಡಿ ಎಣಿಸಿ ಮುಗಿಸಿದಳು. ಅನಂತರ ಆ ಕೈಯನ್ನು ಮೆಲ್ಲಗೆ ಅವರ ಮಡಿಲಲ್ಲೇ ಇಟ್ಟು ಎದ್ದಳು. "ಇವರಿಗೆ ನೀರು ಕೊಡಿ," ಎಂದು ಪುಟ್ಟರಾಜುವಿಗೆ ಹೇಳಿ, ತಿರುಗಿ ನೋಡದೆ ಶ್ವೇತಳ ಮೇಜಿಗೆ ಬಂದಳು.

"ಸಾಮಾನು ಕಟ್ಟಿ ಆಯ್ತು ಮೇಡಂ. ಆ ಫೈಲು ಎಷ್ಟು ಜನರ ಹತ್ತಿರ ಉಂಟೋ, ಅವನಿಗೆ ನಾಳೆ ಜಾಮೀನು ಸಿಕ್ಕಿದ್ರೆ ಎಂತ ಮಾಡುದು? ಹೊಸ ಮನೆ ವಿಳಾಸ ಇಲ್ಲಿ ಬರೀಲೇಬೇಕಾ?"

ಶ್ವೇತ ಹೇಳಿಕೆಯ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ವಿಳಾಸದ ಜಾಗದಲ್ಲಿ ಠಾಣೆಯ ವಿಳಾಸವನ್ನು ಬರೆದಳು.