ಮೂಕರಸ ಆಡಿದ ಮಾತು

"ಫೋನ್ ಟೇಬಲ್ ಮ್ಯಾಲ ಇಡ್ರಿ," ಎಂದಳು ಮಧುಮತಿ. "ಎರಡೂ ಕೈ ಕಾಣಬೇಕು."

ಎದುರಿಗಿದ್ದವನು ಎರಡೂ ಕೈ ಎತ್ತಿ ತೋರಿಸಿದ. ಒಂದರಲ್ಲಿ ಏನೂ ಇರಲಿಲ್ಲ. ಇನ್ನೊಂದರಲ್ಲಿ ಅರ್ಧ ಕಚ್ಚಿದ ಮಿರ್ಚಿ ಭಜಿ ಇತ್ತು.

ಕಡಗಂಚಿ ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ಸುತ್ತ ಕೂತವರೆಲ್ಲ ಗೊಳ್ಳೆಂದು ನಕ್ಕರು. ಮಧುಮತಿಯ ಕಿವಿ ಬಿಸಿಯಾಯಿತು.

ಅಲ್ಲಿ ಸೇರಿದ್ದವರೆಲ್ಲ 'ಕರಿನೀರ ನಾಡು' ಎಂಬ ಕಾದಂಬರಿ ಮಾಲೆಯ ಹುಚ್ಚರು. ಐದು ದಪ್ಪ ಸಂಪುಟ. ಕಪ್ಪಾಗಿ ಹೋದ ಒಂದು ಹೊಳೆ, ಅದನ್ನು ದಾಟಿಸುವ ಹೊನ್ನಿ ಎಂಬ ಅಂಬಿಗಿತ್ತಿ, ದಂಡೆಯ ಕೋಟೆಯಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ತುಟಿಯನ್ನೇ ಬಿಚ್ಚದ ಮೂಕರಸ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಓದುಗರು ವಾಟ್ಸ್ಯಾಪ್ ಗ್ರೂಪ್ ಮಾಡಿಕೊಂಡು ಸಂಜೆಯಾದರೆ ಆಟಕ್ಕೆ ಇಳಿಯುತ್ತಿದ್ದರು. ಒಬ್ಬರು ಪುಸ್ತಕದ ಒಂದು ಸಾಲು ಹಾಕಬೇಕು, ಅದನ್ನು ಯಾರು ಯಾರಿಗೆ ಹೇಳಿದ್ದು ಎಂದು ಉಳಿದವರು ಊಹಿಸಬೇಕು. ಎದುರೆದುರು ಕೂತು ಆಡಿದ್ದು ಇದೇ ಮೊದಲು. ಮಧುಮತಿ ಆ ಕ್ಯಾಂಪಸ್ಸಿನಲ್ಲೇ ಸಂಶೋಧನೆ ಮಾಡುತ್ತಿದ್ದಳು. ಆಟದಲ್ಲಿ ಅವಳು ಸೋತದ್ದನ್ನು ಗ್ರೂಪಿನಲ್ಲಿ ಯಾರೂ ಕಂಡಿರಲಿಲ್ಲ.

ಈ ಭಜಿಯವನು ಮಾತ್ರ ಅವಳು ಸಾಲು ಓದಿ ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದ. ಮೇಜಿನ ಕೆಳಗೆ ಫೋನ್ ನೋಡುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಈಗ ಅವನ ಎರಡೂ ಕೈ ಕಣ್ಣೆದುರೇ ಇದ್ದವು. ಅವಳು ಮತ್ತೊಂದು ಸಾಲು ತೆಗೆದಳು.

"'ನಿನ್ನ ಹೆಸರನ್ನು ಈ ದಂಡೆಯಲ್ಲೇ...'"

"'ಬಿಟ್ಟು ಬಾ, ದೋಣಿಗೆ ಭಾರವಾಗುತ್ತದೆ.' ಹೊನ್ನಿ ಹೇಳಿದ್ದು, ಓಡಿ ಬಂದ ಸೈನಿಕನಿಗೆ. ಎರಡನೇ ಸಂಪುಟ."

"ಅರ್ಧಕ್ಕೇ ಹ್ಯಾಂಗ ತಿಳೀತದ್ರಿ ನಿಮಗ?"

"ನಾ ದನದ ಡಾಕ್ಟರ್ ರೀ. ನಮ್ಮ ಪೇಶಂಟ್ ಬಾಯಿ ಬಿಟ್ಟು ಏನೂ ಹೇಳಂಗಿಲ್ಲ. ಅರ್ಧಕ್ಕೇ ತಿಳ್ಕೊಳ್ಳೋದು ರೂಢಿ ಆಗ್ಯಾದ." ಅವನ ಕಣ್ಣು ನಗುತ್ತಿತ್ತು, ಮುಖ ಮಾತ್ರ ಗಂಭೀರವಾಗಿತ್ತು. "ಕಲ್ಲಿನಾಥ. ಊರು ಜೇವರ್ಗಿ, ನೌಕರಿ ಅಫಜಲಪುರದಾಗ. ನಿಮ್ಮೂರು?"

"ಕಿಣ್ಣಿ ಸುಲ್ತಾನ."

ಅವಳು ಕಾದಳು. ಊರ ಹೆಸರು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಊರಾಗ ಯಾವ ಓಣಿ, ಯಾರ ಪೈಕಿ. ಅವನು ಕೇಳಲಿಲ್ಲ. ತಟ್ಟೆಯನ್ನು ಅವಳತ್ತ ಸರಿಸಿ, "ತಣ್ಣಗಾಗ್ತದ, ತಗೋರಿ," ಎಂದ.

ಮಧುಮತಿ ಅವನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದಳು.

ಅಲ್ಲಿಂದ ಆಟ ಗ್ರೂಪಿನ ಹೊರಗೂ ಶುರುವಾಯಿತು. ಬಸ್ಸಿನಲ್ಲಿ, ಲೈಬ್ರರಿಯಲ್ಲಿ, ಊಟದ ತಟ್ಟೆಯ ಮುಂದೆ ಅವಳ ಫೋನ್ ಮಿನುಗುತ್ತಿತ್ತು. ಅವಳು ಯಾವ ಹೊತ್ತಿನಲ್ಲಿ ಸಾಲು ಕಳಿಸಿದರೂ ಉತ್ತರ ಬರುತ್ತಿತ್ತು. ಒಮ್ಮೆ ತಡವಾದಾಗ ಸಿಟ್ಟಿನಿಂದ ಫೋನ್ ಮಾಡಿದಳು.

"ಎಲ್ಲಿದ್ರಿ?"

"ಎಮ್ಮಿ ಈಯಾಕತ್ತದ. ಒಂದು ಕೈ ಒಳಗದ. ಇನ್ನೊಂದು ಕೈಲೆ ಫೋನ್ ಹಿಡದೀನಿ. ಉತ್ತರ ಬರಕೋರಿ. ಕೋಟೆಯ ಅಡುಗೆಯಾಕಿ, ನಾಲ್ಕನೇ ಸಂಪುಟ."

ಅವಳು ನಕ್ಕ ರಭಸಕ್ಕೆ ಲೈಬ್ರರಿಯವರು ಎದ್ದು ಹೊರಗೆ ಕಳಿಸಿದರು.

ಭಾನುವಾರಗಳಲ್ಲಿ ಅವರು ಸೊನ್ನದಲ್ಲಿ ಸೇರುತ್ತಿದ್ದರು. ಬ್ಯಾರೇಜಿನ ಗೇಟುಗಳಿಂದ ಬಿದ್ದ ಭೀಮೆಯ ನೀರು ಕೆಳಗೆ ನೊರೆಯಾಗಿ ಸುತ್ತಿ, ಮುಂದೆ ಸದ್ದಿಲ್ಲದೆ ಕಂದಾಗುತ್ತಿತ್ತು. ಅಲ್ಲಿ ಕೂತು ಒಂದು ದಿನ ಅವಳು ಹೇಳಿಬಿಟ್ಟಳು.

"ನಾವು ಬೌದ್ಧರು. ಊರ ಹೊರಗಿನ ಓಣಿ ನಮ್ಮದು. ನಮ್ಮವ್ವ ನಿಮ್ಮಂಥವರ ಹೊಲದಾಗ ಕಳೆ ತಗದು ನನ್ನ ಓದಿಸ್ಯಾಳ. ಗೊತ್ತಿರಲಿ."

"ಗೊತ್ತದ."

"ಹ್ಯಾಂಗ?"

"ಆವತ್ತ ನಾ ಓಣಿ ಕೇಳಲಿಲ್ಲ ನೋಡು. ಆವಾಗ ನೀ ನನ್ನ ಮಾರಿ ನೋಡಿದಿ. ಅಷ್ಟರಾಗ ತಿಳೀತು."

ಅವನು ಏಕವಚನಕ್ಕೆ ಇಳಿದದ್ದನ್ನು ಅವಳು ಗಮನಿಸಿದಳು, ತಿದ್ದಲಿಲ್ಲ. "ನಿಮ್ಮ ಮನ್ಯಾಗ ಏನಂತಾರ?"

ಕಲ್ಲಿನಾಥ ನೀರಿಗೆ ಒಂದು ಕಲ್ಲು ಎಸೆದ. "ನಮ್ಮಪ್ಪ ದಿನಾ ಮುಂಜಾನೆ ವಚನ ಹೇಳಿಸ್ತಾನ. ಎಲ್ಲಾರೂ ಒಂದೇ ಅಂತ. ಹೇಳೋದು ಬ್ಯಾರೆ, ಮನಿಗೆ ಸೊಸಿ ತರೋದು ಬ್ಯಾರೆ. ಅಪ್ಪ ಹ್ಯಾಂಗರೆ ಒಪ್ಪಿಯಾನು. ಶಂಕರಣ್ಣ..." ಎಂದು ನಿಲ್ಲಿಸಿದ. ಅಣ್ಣ ಶಂಕರಲಿಂಗನ ಬಗ್ಗೆ ಅವನು ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದ. ಆಮೇಲೆ ಮಾತು ಹೊರಳಿಸಿ ಅಣ್ಣನ ಹೆಂಡತಿ ಶಿವಕಾಂತಾ ವೈನಿಯ ಬಗ್ಗೆ ಹೇಳಿದ. ಅವನಿಗೆ ಮೊದಲ ಸಂಪುಟ ಓದಲು ಕೊಟ್ಟವಳು ಅವಳೇ. ತವರಿನಿಂದ ಸೀರೆಗಳ ನಡುವೆ ಮುಚ್ಚಿಟ್ಟು ತಂದಿದ್ದಳಂತೆ.

ಎದ್ದು ಹೊರಡುವಾಗ ದಂಡೆಯ ಮೇಲೆ, ಜಾಲಿಗಿಡದ ಮರೆಯಲ್ಲಿ ಒಂದು ಬಿಳಿ ಜೀಪು ನಿಂತಿತ್ತು. ಒಳಗೆ ಯಾರಿದ್ದಾರೆಂದು ಕಾಣಲಿಲ್ಲ.

ಮರುದಿನ ಸಂಜೆ ಗ್ರೂಪಿನಲ್ಲಿ 'ಬೂದಿ' ಎಂಬ ಹೆಸರಿನ ಹೊಸಬರು ಒಂದು ಸಾಲು ಹಾಕಿದ್ದರು.

'ದಂಡೆಯಲ್ಲಿ ಕೂತ ಇಬ್ಬರನ್ನು ನೋಡಿದ್ದು ಹೊಳೆಯೊಂದೇ ಅಲ್ಲ.'

ಎಲ್ಲರೂ ಊಹಿಸಿದರು. ಹೊನ್ನಿ ಎಂದರು, ಕೋಟೆಯ ಕಾವಲುಗಾರ ಎಂದರು. ಬೂದಿ ಯಾವುದಕ್ಕೂ ಉತ್ತರಿಸಲಿಲ್ಲ. ಮಧುಮತಿ ಸಾಲನ್ನು ಮತ್ತೆ ಓದಿದಳು. ಐದೂ ಸಂಪುಟ ಅವಳಿಗೆ ಬಾಯಿಪಾಠ. ಆ ಸಾಲು ಯಾವ ಪುಟದಲ್ಲೂ ಇರಲಿಲ್ಲ.

"ಯಾರೋ ನಮ್ಮ ಬೆನ್ನ ಹತ್ಯಾರ," ಎಂದಳು ಫೋನಿನಲ್ಲಿ.

"ಹೆದರಿಸಾಕತ್ತಾರ," ಎಂದ ಕಲ್ಲಿನಾಥ. ಅವನ ದನಿಯಲ್ಲಿ ನಗು ಇರಲಿಲ್ಲ. "ಸ್ವಲ್ಪ ದಿನ ಸೊನ್ನ ಬ್ಯಾಡ."

ಕೆಲವು ದಿನ ಏನೂ ಆಗಲಿಲ್ಲ. ಆದರೆ ಕ್ಯಾಂಪಸ್ಸಿನ ಗೇಟಿನ ಹೊರಗೆ ಬಿಳಿ ಗಾಡಿ ಕಂಡರೆ ಸಾಕು, ಅವಳ ಕಾಲು ತಾನಾಗಿ ನಿಲ್ಲುತ್ತಿತ್ತು. ಒಂದು ಮುಂಜಾನೆ ಕಲ್ಲಿನಾಥನ ಮೆಸೇಜು ಬಂತು: 'ಅಪ್ಪಗ ಜ್ವರ ಭಾಳ ಅದಾವಂತ. ಅಣ್ಣ ಗಾಡಿ ಕಳಿಸ್ಯಾನ. ಜೇವರ್ಗಿಗೆ ಹೊಂಟೀನಿ.' ಸಂಜೆ ಬೂದಿಯ ಎರಡನೇ ಸಾಲು ಬಂತು.

'ಜ್ವರದ ಸುದ್ದಿ ತಂದವನ ಮನೆಯಲ್ಲಿ ಯಾರಿಗೂ ಮೈ ಬಿಸಿಯಿರಲಿಲ್ಲ.'

ಅವಳು ಕಲ್ಲಿನಾಥನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಅವಳು ಕಳಿಸಿದ ಸಾಲುಗಳು ಉತ್ತರವಿಲ್ಲದೆ ಒಂದರ ಕೆಳಗೊಂದು ನಿಂತವು.

ಆಮೇಲೆ ಒಂದು ಇಳಿಹೊತ್ತು, ಅವನ ನಂಬರಿನಿಂದ ಮೆಸೇಜು ಬಂತು.

'ನಾಳೆ ಮುಂಜಾನೆ ಸೊನ್ನಕ್ಕ ಬಾ. ಒಬ್ಬಾಕೀನೇ ಬಾ. ಯಾರಿಗೂ ಹೇಳಬ್ಯಾಡ. ಓಡಿ ಹೋಗೂಣು.'

ಮೊದಲು ಅವಳಿಗೆ ಅಳು ಬಂತು, ಬದುಕಿದ್ದಾನಲ್ಲ ಎಂಬ ಸಮಾಧಾನದ ಅಳು. ಚೀಲಕ್ಕೆ ಎರಡು ಚೂಡಿದಾರ್ ತುಂಬಿಯೂ ಬಿಟ್ಟಳು. ಆಮೇಲೆ ಅದನ್ನು ಮತ್ತೊಮ್ಮೆ ಓದಿದಳು. ಓಡಿ ಹೋಗುವ ಮಾತನ್ನು ಕಲ್ಲಿನಾಥ ಎಂದೂ ಆಡಿದವನಲ್ಲ. ಅವಳು ಮೊದಲ ಸಂಪುಟದ ಒಂದು ಸಾಲು ಕಳಿಸಿದಳು.

'ಈಗ ಆಟದ ಟೈಮ್ ಅಲ್ಲ,' ಎಂದು ಉತ್ತರ ಬಂತು.

ಎಮ್ಮೆಯ ಹೊಟ್ಟೆಯೊಳಗೆ ಕೈ ಇಟ್ಟುಕೊಂಡು ಉತ್ತರ ಹೇಳಿದವನು! ಅವಳು ಮತ್ತೆ ಟೈಪ್ ಮಾಡಿದಳು: 'ಸಿಟ್ಟಾಗಬ್ಯಾಡ. ಇಷ್ಟೇ ಹೇಳು. ಅದು ಮೂಕರಸ ಹೊನ್ನಿಗೆ ಹೇಳಿದ ಮಾತಲ್ಲ?'

ಆ ಕಡೆ ಯಾರೋ ಟೈಪ್ ಮಾಡಿದರು, ನಿಲ್ಲಿಸಿದರು, ಮತ್ತೆ ಮಾಡಿದರು.

'ಹೌದು. ಮೂಕರಸನ ಮಾತೇ. ನಾಳೆ ಬಾ.'

ಐದು ಸಂಪುಟದಲ್ಲಿ ಒಂದು ಶಬ್ದವನ್ನೂ ಆಡದ ಅರಸ! ಮಧುಮತಿ ಫೋನನ್ನು ಹಾವು ಮುಟ್ಟಿದವಳಂತೆ ಹಾಸಿಗೆಯ ಮೇಲೆ ಎಸೆದಳು. ಕಲ್ಲಿನಾಥನ ಹೆಸರಿನ ಕೆಳಗೆ, ಅವನ ನಗುವ ಫೋಟೋದ ಹಿಂದೆ ಬೇರೆ ಯಾರೋ ಕೂತು ಅವಳನ್ನು ನೀರಿಗೆ ಕರೆಯುತ್ತಿದ್ದರು.

ಅದೇ ಹೊತ್ತಿಗೆ ಗ್ರೂಪಿನಲ್ಲಿ ಬೂದಿ ಬರೆಯಿತು: 'ಕರೆದದ್ದು ಅವನ ಹೆಸರು. ಕರೆದವನು ಅವನಲ್ಲ.'

ಆಗ ಅವಳಿಗೆ ಹೊಳೆಯಿತು. ಹೆದರಿಸುವವರು ಹೀಗೆ ಹೇಳುವುದಿಲ್ಲ. ಮೂರೂ ಸಾಲು ಎಚ್ಚರಿಕೆಯವು. ಅವಳು ನೇರವಾಗಿ ಬೂದಿಗೆ ಬರೆದಳು: 'ನೀವು ಯಾರ್ರಿ?'

'ಅಫಜಲಪುರದ ಮಗಳು. ಜೇವರ್ಗಿ ಸೊಸಿ,' ಎಂದು ಬಂತು. ಸ್ವಲ್ಪ ತಡೆದು ಮತ್ತೆ: 'ನನ್ನ ಫೋನ್ ದಿನಾ ಚೆಕ್ ಮಾಡ್ತಾರ. ಈ ಆಟ ಮಾತ್ರ ಅವರಿಗೆ ತಿಳಿಯಂಗಿಲ್ಲ. ಮೈದುನನ್ನ ಮ್ಯಾಲಿನ ಖೋಲ್ಯಾಗ ಹಾಕ್ಯಾರ. ನೀರಿಗೆ ಸಾಕ್ಷಿ ಬೇಕಾಗಂಗಿಲ್ಲ ಅಂತ ಇವರು ಫೋನಿನಾಗ ಅನ್ನಾಕತ್ತಿದ್ರು. ಹೋಗಬ್ಯಾಡ ಬೇ, ತಂಗಿ.'

ಮಧುಮತಿಯ ಅಣ್ಣ ದಿಲೀಪ ಆಳಂದದಲ್ಲಿ ವಕೀಲ. ತಂಗಿಯ ಪ್ರೀತಿಯ ಸುದ್ದಿ ಅವನು ಕೇಳಿದ್ದು ಈ ಭಯದ ಜೊತೆಗೇ. ಅವನು ಬೈಯಲಿಲ್ಲ. ಮೆಸೇಜುಗಳನ್ನು ಎರಡು ಸಲ ಓದಿದ.

"ಖರೆ ಹೇಳು. ಅವನ ಸಲುವಾಗಿ ಇಷ್ಟ ಮಾಡಬೇಕಾ?"

"ಅವ ನನ್ನ ಓಣಿ ಕೇಳಲಿಲ್ಲಣ್ಣ," ಎಂದಳು ಅವಳು. ಅದಕ್ಕಿಂತ ದೊಡ್ಡ ಕಾರಣ ಅವಳಿಗೆ ಸಿಗಲಿಲ್ಲ.

ಆ ರಾತ್ರಿಯೇ ದಿಲೀಪ ದೂರು ಕೊಟ್ಟ. ಮುಂಜಾನೆ ಪೊಲೀಸರು ಎರಡು ಕಡೆ ಹೋದರು. ಸೊನ್ನದಲ್ಲಿ ಬಿಳಿ ಜೀಪಿನ ಪಕ್ಕ ಇಬ್ಬರು ಸಿಕ್ಕರು. ಮೀನು ಹಿಡಿಯಲು ಬಂದಿದ್ದೇವೆ ಎಂದರಂತೆ. ಅವರ ಹತ್ತಿರ ಬಲೆ ಇರಲಿಲ್ಲ, ಗಾಳ ಇರಲಿಲ್ಲ. ಹೊಸ ಹಗ್ಗದ ಸಿಂಬೆಯೊಂದಿತ್ತು.

ಜೇವರ್ಗಿಯ ದೊಡ್ಡ ವಾಡೆಮನೆಗೆ ಮಧುಮತಿ ಪೊಲೀಸರ ಹಿಂದೆಯೇ ಕಾಲಿಟ್ಟಳು. ಅಂಗಳದ ತುಂಬ ತೊಗರಿಯ ಚೀಲಗಳ ಒಟ್ಟಿಲು. ಕಲ್ಲಿನಾಥನ ಅಪ್ಪ ಚಂದ್ರಾಮಪ್ಪ ಹಣೆಯ ತುಂಬ ವಿಭೂತಿ ಬಳಿದುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಜ್ವರ ಇರಲಿಲ್ಲ. ಅವಳನ್ನು ನೋಡಿ ಕಣ್ಣು ಕೆಳಗಿಳಿಸಿದರು. ಶಂಕರಲಿಂಗ ಕಂಬಕ್ಕೆ ಆತು ನಿಂತಿದ್ದ. ಅವನು ಕಿರುಚಲಿಲ್ಲ. ಸಣ್ಣ ದನಿಯಲ್ಲಿ, ಬಹಳ ಮರ್ಯಾದೆಯಿಂದ ಮಾತಾಡಿದ. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ನಮ್ಮ ಹುಡುಗಗ ಈ ಸಂಬಂಧ ಬ್ಯಾಡಾಗ್ಯಾದ್ರಿ ಸಾಹೇಬ್ರ. ಕೇಳಿ ನೋಡ್ರಿ ಬೇಕಾದ್ರ."

ಪೊಲೀಸರು ಮೇಲಿನ ಖೋಲಿಯ ಬಾಗಿಲು ತೆಗೆಸಿದರು, ಕಲ್ಲಿನಾಥ ಮೆಟ್ಟಿಲಿಳಿದು ಬಂದ. ಗಡ್ಡ ಬೆಳೆದಿತ್ತು, ಕೆಳದುಟಿ ಒಡೆದಿತ್ತು. ಅಣ್ಣನನ್ನು ನೋಡಿದ, ಅಪ್ಪನನ್ನು ನೋಡಿದ. ಆಮೇಲೆ ಅಂಗಳದ ನಡುವೆ ನಿಂತ ಅವಳನ್ನು ನೋಡಿದ. ಅವನ ಮುಖ ಮಗುವಿನ ಮುಖದಂತೆ ಕುಸಿಯಿತು.

"ನೀ ಸೊನ್ನಕ್ಕ ಹೋಗಲಿಲ್ಲ," ಎಂದ. "ನನ್ನ ಫೋನಿಂದ ನಿನ್ನ ಕರದೀನಿ ಅಂತ ಅಣ್ಣನೇ ಅಂದ. ಹೋಗಿರ್ತೀ ಅಂತ ಮುಂಜಾನಿಂದ ಬಾಗಿಲಾ ಬಡದು ಸಾಕಾಗ್ಯಾದ. ಸಾಹೇಬ್ರ, ನಂಗ ಈಕಿನೇ ಬೇಕು. ಈಕಿ ಕೂಡ ಹೊಂಟೀನಿ."

ಶಂಕರಲಿಂಗ ತಮ್ಮನತ್ತ ತಿರುಗಲೇ ಇಲ್ಲ. ಮಧುಮತಿಯನ್ನೇ ನೋಡುತ್ತ ಕೇಳಿದ. "ನಿನಗ ಸುದ್ದಿ ಕೊಟ್ಟವರು ಯಾರವ್ವ?"

"ಯಾರೂ ಕೊಟ್ಟಿಲ್ರಿ," ಎಂದಳು ಅವಳು. "ಅವ ಹಂಗ ಬರ್ಯಂಗಿಲ್ಲ. ಓದಿದ ಕೂಡಲೇ ತಿಳೀತು."

ಅವನು ನಂಬಲಿಲ್ಲ. ನಿಧಾನವಾಗಿ ಕತ್ತು ತಿರುಗಿಸಿ ಅಡುಗೆಮನೆಯ ಬಾಗಿಲನ್ನು ನೋಡಿದ. ಅಲ್ಲಿ ಸೆರಗಿನ ಒಂದು ತುದಿ ಅಲುಗುತ್ತಿತ್ತು. ತಾವು ಹೋದ ಮೇಲೆ ಈ ಅಂಗಳದಲ್ಲಿ ಏನು ಆಗುತ್ತದೆ ಎಂಬುದು ಮಧುಮತಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಕಲ್ಲಿನಾಥ ಅವಳ ಕೈ ಹಿಡಿದು ಬಾಗಿಲತ್ತ ನಡೆದಿದ್ದ. ಅವಳು ನಿಂತುಬಿಟ್ಟಳು.

"ಒಳಗಿನವರನ್ನ ಬಿಟ್ಟು ನಾ ಬರಂಗಿಲ್ಲ."

ಶಿವಕಾಂತಾ ತಾನೇ ಹೊರಗೆ ಬಂದಳು, ಹಿಟ್ಟಿನ ಕೈಯಲ್ಲೇ. ಗಂಡನ ಮುಂದೆ ಹಾದು ಬರುವಾಗ ಕ್ಷಣ ತಡೆದಳು.

"ನಾನೇ ಹೇಳೀನಿ," ಎಂದಳು. "ತವರಿಗೆ ಹೊಂಟೀನಿ. ತಡೀಬ್ಯಾಡ್ರಿ."

ದಿಲೀಪ ಕಾರನ್ನು ಅಫಜಲಪುರದತ್ತ ಓಡಿಸಿದ. ಶಿವಕಾಂತಾಳನ್ನು ಅವಳ ತಾಯಿಯ ಮನೆಯಲ್ಲಿ ಇಳಿಸಿದ ಮೇಲೆ ಕಲ್ಲಿನಾಥ ಮಧುಮತಿಯ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿಕೊಂಡ.

"ನಾ ಭಾಳ ಹೆದರಿದ್ದೆ ಮಧು. ನನ್ನ ಸಲುವಾಗಲ್ಲ. ನೀ ಇಲ್ಲದ ಒಂದು ಮುಂಜಾನಿ ಬರ್ತದೇನೋ ಅಂತ."

ಅವಳು ಅವನ ಭುಜಕ್ಕೆ ಹಣೆ ಒತ್ತಿದಳು. ಕನ್ನಡಿಯಲ್ಲಿ ದಿಲೀಪ ಮುಖ ತಿರುಗಿಸಿಕೊಂಡದ್ದು ಅವಳಿಗೆ ಕಾಣಿಸಿತು.

ಮದುವೆಯ ನೋಟಿಸು ರಿಜಿಸ್ಟ್ರಾರ್ ಕಚೇರಿಯ ಗೋಡೆಯ ಮೇಲೆ ತಿಂಗಳಿಡೀ ಇರಬೇಕಿತ್ತು. ಸೊನ್ನದಲ್ಲಿ ಸಿಕ್ಕವರು ಶಂಕರಲಿಂಗನ ಹೆಸರು ಹೇಳಿರಲಿಲ್ಲ, ಅವನು ಹೊರಗೇ ಇದ್ದ. ಆ ದಿನಗಳಲ್ಲಿ ದಿಲೀಪನ ಮನೆಯ ಎದುರು ಅಪರಿಚಿತ ಬೈಕುಗಳು ನಿಲ್ಲುತ್ತಿದ್ದವು, ಎಂಜಿನ್ ಆರಿಸದೆ, ಸ್ವಲ್ಪ ಹೊತ್ತು. ಹಗಲಲ್ಲೂ ಚಿಲಕ ಹಾಕಿಯೇ ಇರುತ್ತಿತ್ತು. ಮಧುಮತಿಯ ತಾಯಿ ಚಂದಮ್ಮ ಕಿಣ್ಣಿ ಸುಲ್ತಾನದಿಂದ ಬಂದು ಬಾಗಿಲ ಹತ್ತಿರವೇ ಹಾಸಿಗೆ ಹಾಸಿದಳು.

ರಿಜಿಸ್ಟರ್ ಆದ ದಿನ ಸಾಕ್ಷಿಯ ಸಹಿ ಹಾಕಿದವಳು ಶಿವಕಾಂತಾ. ಸಹಿ ಮುಗಿಸಿ ಪೆನ್ನು ಕೆಳಗಿಟ್ಟಾಗ ಹೊರಗೆ ಜೀಪೊಂದು ಬಂದು ನಿಂತ ಸದ್ದಾಯಿತು. ದಿಲೀಪ ಕಿಟಕಿಯಿಂದ ನೋಡಿ ಬಣ್ಣಗೆಟ್ಟ.

"ಶಂಕರಲಿಂಗ ಬಂದಾನ. ಹಿಂದಿನ ಗೇಟಿಗೆ ಕಾರ್ ತರ್ತೇನಿ."

ಕಲ್ಲಿನಾಥ ಮಧುಮತಿಯನ್ನು ನೋಡಿದ. ಕೊರಳಲ್ಲಿ ಹಾರ, ಹಣೆಯಲ್ಲಿ ಬೆವರು. "ನೀ ಹ್ಯಾಂಗ ಅಂತೀ ಹಂಗ," ಎಂದ.

"ಇವತ್ತ ಹಿಂದಿನ ಬಾಗಿಲಿಂದ ಹೋದ್ರ ಜೀವನ ಪೂರಾ ಹಿಂದಿನ ಬಾಗಿಲೇ."

ಅವರು ಮೆಟ್ಟಿಲಿಳಿಯುವ ಮೊದಲೇ ಶಿವಕಾಂತಾ ಅವರನ್ನು ದಾಟಿ ಮುಂದೆ ಹೋದಳು. ನೇರವಾಗಿ ಜೀಪಿನ ಮುಂದೆ ಹೋಗಿ, ಬಾನೆಟ್ಟಿಗೆ ಸೀರೆ ತಾಗುವಷ್ಟು ಹತ್ತಿರ ನಿಂತಳು.

"ಇವರು ರೋಡ್ ದಾಟೂತನ ನಾ ಇಲ್ಲೇ ನಿಂದರ್ತೇನಿ," ಎಂದಳು ಗಾಜಿನ ಹಿಂದಿನ ಗಂಡನಿಗೆ.

ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಮಧುಮತಿ ಮತ್ತು ಕಲ್ಲಿನಾಥ ಕೈ ಹಿಡಿದುಕೊಂಡು ರಸ್ತೆ ದಾಟಿದರು. ಅಂಗಡಿಗಳವರು ವ್ಯಾಪಾರ ನಿಲ್ಲಿಸಿ ನೋಡಿದರು. ಆ ಕಡೆ ಮುಟ್ಟಿದ ಮೇಲೆ ಮಧುಮತಿ ಗಂಡನ ಕೈ ಬಿಡಿಸಿಕೊಂಡಳು. ತಿರುಗಿ, ಒಬ್ಬಳೇ ಮತ್ತೆ ಜೀಪಿನವರೆಗೂ ನಡೆದು ಬಂದಳು.

"ಬರ್ರಿ ವೈನಿ," ಎಂದು ಕೈ ಚಾಚಿದಳು. "ಮನಿಗೆ ಹೋಗೂಣು."

ಶಿವಕಾಂತಾ ಆ ಕೈ ಹಿಡಿದಳು. ಇಬ್ಬರೂ ಜೀಪಿಗೆ ಬೆನ್ನು ಹಾಕಿ ನಡೆದರು. ರಸ್ತೆಯ ಆಚೆ ಕಲ್ಲಿನಾಥ ಉಸಿರು ಹಿಡಿದು ನಿಂತಿದ್ದ. ಹಿಂದೆ ಗೇರು ಬಿದ್ದ ಸದ್ದು ಕೇಳಿಸಿತು. ಮಧುಮತಿ ತಿರುಗಿ ನೋಡಲಿಲ್ಲ, ಹೆಜ್ಜೆಯನ್ನೂ ಜೋರು ಮಾಡಲಿಲ್ಲ.